ಗಾಜಿನ ಮೇಲೆ ಗಡ್ಡೆ: ಪುಣೆಯ ಒಂದು ಚರಿತ್ರೆ

ಕಾದ ಹೆಂಚಿನ ಮೇಲೆ ಹೊಗೆಸೊಪ್ಪನ್ನು ಕರ್ರಗಾಗುವ ತನಕ ಹುರಿದು ಪುಡಿ ಮಾಡಿದರೆ ಮಿಶ್ರಿ ಸಿದ್ಧ. ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಬೆಳಗಾಗೆದ್ದು ಅದರಲ್ಲೇ ಹಲ್ಲು ತಿಕ್ಕುತ್ತಿದ್ದರು. ಹಲ್ಲಿನ ಸ್ವಚ್ಛತೆಗೆಂದು ಶುರುವಾದದ್ದು ಬರಬರುತ್ತ ಚಟವಾಗುತ್ತಿತ್ತು. ಮಧ್ಯಾಹ್ನ, ರಾತ್ರಿ, ಕೆಲಸದ ನಡುವೆ ಬಿಡುವಾದಾಗೆಲ್ಲ ಬೆರಳು ಡಬ್ಬಿಗೆ ಹೋಗುತ್ತಿತ್ತು. ನಿಪ್ಪಾಣಿಯಂಥ ದೊಡ್ಡ ತಂಬಾಕಿನ ಪೇಟೆಯನ್ನು ಮಗ್ಗುಲಲ್ಲೇ ಇಟ್ಟುಕೊಂಡ ಬೆಳಗಾವಿ ಸೀಮೆಯವರಿಗೂ ಈ ಪುಡಿ ಹೊಸದಲ್ಲ.

1972ರಲ್ಲಿ ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಕ್ಯಾನ್ಸರ್’ ಪತ್ರಿಕೆಯಲ್ಲಿ ಈ ಹಳ್ಳಿಗರ ಬಾಯಿಯ ಬಗ್ಗೆ ಒಂದು ಲೇಖನ ಬಂತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದಂತ ಸಂಶೋಧನಾ ಘಟಕವನ್ನು ನಡೆಸುತ್ತಿದ್ದ ಫಾಲಿ ಮೆಹತಾ, ಅಂಕಿಸಂಖ್ಯೆಯ ತಜ್ಞ ಪ್ರಕಾಶ್ ಗುಪ್ತಾ, ಡೆನ್ಮಾರ್ಕಿನಿಂದ ಬಂದು ಕೈಜೋಡಿಸಿದ್ದ ಬಾಯಿರೋಗಗಳ ಪೆಥಾಲಜಿಸ್ಟ್ ಯೆನ್ಸ್ ಪಿಂಡ್‌ಬೋರ್ಗ್ ಮತ್ತು ಅವರ ಸಂಗಡಿಗರು ಅದನ್ನು ಬರೆದಿದ್ದರು. ಮನೆಮನೆಗೆ ಹೋಗಿ 1,01,761 ಜನರ ಬಾಯಿ ತೆರೆಸಿ ನೋಡಿದ ಸಮೀಕ್ಷೆ ಅದು. ಹೆಂಗಸರಲ್ಲಿ 100ಕ್ಕೆ ಸುಮಾರು 39 ಮಂದಿ ಮಿಶ್ರಿ ಬಳಸುತ್ತಿದ್ದರು. ಗಂಡಸರಲ್ಲಿ ಅದನ್ನು ಮುಟ್ಟುವವರೇ ಅಪರೂಪ.

ಇಂಥ ಸಮೀಕ್ಷೆಯಲ್ಲಿ ಬಾಯಿಯ ಒಳಗೆ ಕಂಡ ಬಿಳಿ ಮಚ್ಚೆಯನ್ನು ಬರಿಗಣ್ಣಿನಿಂದ ನೋಡಿ ಎಣಿಸಬಹುದು. ಅದು ಮುಂದೆ ಏನಾದೀತು ಎಂಬುದನ್ನು ಬರಿಗಣ್ಣು ಹೇಳಲಾರದು. ಹತ್ತು ವರ್ಷ ಹಾಗೇ ಇರುವ ಮಚ್ಚೆಯೂ, ಎರಡು ವರ್ಷದಲ್ಲಿ ಹುಣ್ಣಾಗಿ ದವಡೆಯನ್ನೇ ತಿನ್ನುವ ಮಚ್ಚೆಯೂ ಮೊದಲ ದಿನ ಒಂದೇ ಥರ ಕಾಣಬಹುದು. ಆ ವ್ಯತ್ಯಾಸ ತಿಳಿಯಲು ಚೂರು ಮಾಂಸ ಕತ್ತರಿಸಿ ಸೂಕ್ಷ್ಮದರ್ಶಕದ ಅಡಿಗೆ ಇಡಬೇಕು. ಕಂಡದ್ದಕ್ಕೆ ಒಂದು ದರ್ಜೆ ಕೊಡಬೇಕು. ಆಮೇಲೆ ಆ ಮನುಷ್ಯನಿಗೆ ಏನಾಯಿತು ಎಂದು ವರ್ಷಗಟ್ಟಲೆ ವಿಚಾರಿಸಬೇಕು. ಪೆಥಾಲಜಿಯ ಚರಿತ್ರೆ ಹೇಳುವವರು ಮೊದಲ ಎರಡನ್ನು ವಿವರವಾಗಿ ಹೇಳಿ ಮೂರನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ದರ್ಜೆಗೆ ಅರ್ಥ ಬಂದದ್ದು ಆ ಮೂರನೆಯ ಕೆಲಸದಿಂದಲೇ.

ಇಂಥ ಕೆಲಸಕ್ಕೆ ಮೊದಲು ಪ್ರಯೋಗಾಲಯ ಬೇಕು. ಪುಣೆಗೆ ರೋಗಶೋಧನೆಯ ಪ್ರಯೋಗಾಲಯ ಬಂದದ್ದು ಮನುಷ್ಯರಿಗಾಗಿ ಅಲ್ಲ, ದನಕರುಗಳಿಗಾಗಿ. 1889ರ ಡಿಸೆಂಬರಿನಲ್ಲಿ ಇಲ್ಲಿನ ವಿಜ್ಞಾನ ಕಾಲೇಜಿನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಶುರುವಾಯಿತು. ದೊಡ್ಡರೋಗ ಬಂದು ದನಗಳು ಹಿಂಡುಹಿಂಡಾಗಿ ಸಾಯುತ್ತಿದ್ದ ಕಾಲ. ನಾಲ್ಕು ವರ್ಷದಲ್ಲಿ ಆ ಪ್ರಯೋಗಾಲಯ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇವತ್ತಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ. ಮನುಷ್ಯರ ಪಾಲಿಗೆ ಪುಣೆಯಲ್ಲಿ ಇದ್ದದ್ದು ಡೇವಿಡ್ ಸಸೂನನ ದಾನದಿಂದ ಕಟ್ಟಿ 1867ರಲ್ಲಿ ತೆರೆದ ಸಸೂನ್ ಆಸ್ಪತ್ರೆ ಮತ್ತು ಅದಕ್ಕೆ ಅಂಟಿಕೊಂಡ ವೈದ್ಯ ಶಾಲೆ. 1924ರ ಜನವರಿಯಲ್ಲಿ ಯರವಡಾ ಜೈಲಿನಿಂದ ಗಾಂಧೀಜಿಯನ್ನು ತಂದು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿದ್ದು ಈ ಸಸೂನಿನಲ್ಲೇ. 1878ರಿಂದ ಬಿ.ಜೆ. ಮೆಡಿಕಲ್ ಸ್ಕೂಲ್ ಎನಿಸಿಕೊಂಡ ಆ ಶಾಲೆ 1946ರಲ್ಲಿ ಕಾಲೇಜಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳವು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 1957ರಲ್ಲಿ. ಅದಕ್ಕೆ ಮುಂಚೆ ಆ ಕಡೆಯ ಹುಡುಗರಿಗೆ ಡಾಕ್ಟರಿಕೆ ಕಲಿಯಲು ಮುಂಬಯಿ, ಪುಣೆಯ ದಾರಿಯೇ ಹತ್ತಿರದ್ದು.

ಆ ಕಾಲದ ಒಂದು ನಂಬಿಕೆಯನ್ನು ಇಲ್ಲಿ ಹೇಳಲೇಬೇಕು. ಭಾರತದಲ್ಲಿ ಕ್ಯಾನ್ಸರ್ ಕಡಿಮೆ, ಅದು ನಾಗರಿಕತೆ ಹೆಚ್ಚಿದ ದೇಶಗಳ ಕಾಯಿಲೆ ಎಂದು ಬಹಳ ಮಂದಿ ವೈದ್ಯರು ತಿಳಿದಿದ್ದರು. ವಿಶ್ವನಾಥ್ ಮತ್ತು ಗ್ರೆವಾಲ್ ಎಂಬ ಇಬ್ಬರು ಸಂಶೋಧಕರು ದೇಶದ ಆಸ್ಪತ್ರೆಗಳ ದಾಖಲೆ ತಿರುವಿ 1935, 1937 ಮತ್ತು 1939ರಲ್ಲಿ ‘ಭಾರತದಲ್ಲಿ ಕ್ಯಾನ್ಸರ್’ ಕುರಿತು ಸಾಲಾಗಿ ಲೇಖನ ಬರೆದರು. ರೋಗ ಇಲ್ಲಿಯೂ ಇದೆ, ಗುರುತಿಸುವವರು ಇಲ್ಲ ಎಂಬುದು ಅವುಗಳಿಂದ ಸ್ಪಷ್ಟವಾಯಿತು. ಗುರುತಿಸಬೇಕಾದರೆ ಗಡ್ಡೆಯನ್ನು ಕತ್ತರಿಸಿ ಗಾಜಿನ ಮೇಲೆ ಇಡುವ ವ್ಯವಸ್ಥೆ ಬೇಕಿತ್ತು. ಅದು 1941ರ ಫೆಬ್ರವರಿ 28ರಂದು ಮುಂಬಯಿಯಲ್ಲಿ ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಒದಗಿತು.

ಅಲ್ಲಿನ ಪ್ರಯೋಗಾಲಯಗಳ ಮುಖ್ಯಸ್ಥ ವಸಂತ ರಾಮಜಿ ಖಾನೋಲ್ಕರ್. 1895ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಪೆಥಾಲಜಿ ಕಲಿತು ಬಂದವರು. ಆಸ್ಪತ್ರೆ ತೆರೆದ ಮೂರೇ ವರ್ಷಕ್ಕೆ, 1944ರಲ್ಲಿ, ಸಾಲಾಗಿ ಬಂದ 1,000 ಬಾಯಿ ಕ್ಯಾನ್ಸರ್ ರೋಗಿಗಳ ಅಧ್ಯಯನ ಪ್ರಕಟಿಸಿದರು. ಮರುವರ್ಷ ಸೂರ್ಯಾಬಾಯಿ ಅವರೊಡನೆ ಬರೆದ ಇನ್ನೊಂದು ಲೇಖನದಲ್ಲಿ ರೂಢಿಯಿಂದ ಬರುವ ಕ್ಯಾನ್ಸರುಗಳನ್ನು ಹೆಸರಿಸಿದರು: ಸೊಂಟಕ್ಕೆ ಬಿಗಿದ ಧೋತರದ ಅಂಚು ವರ್ಷಾನುಗಟ್ಟಲೆ ಉಜ್ಜಿ ಬಂದದ್ದು, ಕೆಳದುಟಿಯ ಒಳಗೆ ಖೈನಿ ಇಟ್ಟುಕೊಂಡು ಬಂದದ್ದು. ತಂಬಾಕು ಅಗಿಯುವ ದಖ್ಖನ್ನಿನವರಿಗೆ ಬಾಯಿಯ ಮುಂಭಾಗದಲ್ಲಿ, ಬೀಡಿ ಸೇದುವ ಗುಜರಾತಿಗಳಿಗೆ ನಾಲಿಗೆಯ ಬುಡ ಮತ್ತು ಗಂಟಲಿನಲ್ಲಿ ಗಡ್ಡೆ ಹೆಚ್ಚು ಎಂಬುದನ್ನೂ ಅವರ ಬಳಗ ತೋರಿಸಿತು. ಗಡ್ಡೆಯನ್ನು ಗಾಜಿನ ಮೇಲೆ ನೋಡಿ ಸುಮ್ಮನಾಗದೆ, ಅದನ್ನು ಹೊತ್ತು ಬಂದವನ ಊರು, ಉಡುಪು, ಚಟ ಎಲ್ಲವನ್ನೂ ಕೇಳಿ ಬರೆದಿಟ್ಟದ್ದು ಖಾನೋಲ್ಕರರ ದೊಡ್ಡತನ. ಪುಣೆಯ ಹಳ್ಳಿಗಳಲ್ಲಿ ನಡೆದ ಸಮೀಕ್ಷೆ ಇದೇ ಪರಂಪರೆಯದು.

ಈಗ ಆ ಗಾಜಿನ, ಅಂದರೆ ಸ್ಲೈಡಿನ ವಿಷಯ. ನಮ್ಮ ಜನ “ಪೀಸ್ ತಗೊಂಡು ಟೆಸ್ಟಿಗೆ ಕಳಿಸಿದ್ದಾರೆ” ಎಂದು ಹೇಳಿ ಮುಗಿಸುವ ಮಾತಿನ ಹಿಂದೆ ದಿನಗಟ್ಟಲೆಯ ಕೆಲಸ ಇದೆ. ತೆಗೆದ ತುಣುಕು ಕೊಳೆಯದಂತೆ ಕೂಡಲೇ ಫಾರ್ಮಾಲಿನ್‌ನಲ್ಲಿ ಮುಳುಗಬೇಕು. 1893ರಲ್ಲಿ ಫರ್ಡಿನಾಂಡ್ ಬ್ಲೂಮ್ ಎಂಬ ಜರ್ಮನ್ ವೈದ್ಯ ಈ ದ್ರಾವಣದ ಗುಣ ಕಂಡುಕೊಂಡ. ಫಾರ್ಮಾಲಿನ್‌ನಲ್ಲಿ ಗಟ್ಟಿಯಾದ ಗಡ್ಡೆಯನ್ನು ಪೆಥಾಲಜಿಸ್ಟ್ ಬರಿಗಣ್ಣಿನಿಂದ ನೋಡಿ, ಅಳೆದು, ಅಂಚುಗಳಿಗೆ ಬಣ್ಣ ಹಚ್ಚಿ, ಎಲ್ಲಿಂದ ಚೂರು ತೆಗೆಯಬೇಕೆಂದು ನಿರ್ಧರಿಸುತ್ತಾರೆ. ಲ್ಯಾಬಿನವರು ಇದನ್ನು ಗ್ರೋಸಿಂಗ್ ಅನ್ನುತ್ತಾರೆ. ಇಲ್ಲಿ ತಪ್ಪಿದರೆ ಮುಂದೆ ಎಷ್ಟು ಒಳ್ಳೆಯ ಸೂಕ್ಷ್ಮದರ್ಶಕವಿದ್ದರೂ ಪ್ರಯೋಜನವಿಲ್ಲ. ಗಡ್ಡೆಯ ಕೆಟ್ಟ ಭಾಗ ಬಕೆಟ್ಟಿನಲ್ಲೇ ಉಳಿದು, ಒಳ್ಳೆಯ ಭಾಗ ಗಾಜಿಗೆ ಬಂದಿರುತ್ತದೆ.

ಆಯ್ದ ಚೂರುಗಳು ಆಲ್ಕೊಹಾಲಿನಲ್ಲಿ ನೀರಿನಂಶ ಕಳೆದುಕೊಂಡು, ಝೈಲೀನ್ ಎಂಬ ದ್ರವ ದಾಟಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಸೇರುತ್ತವೆ. ಮೇಣ ಆರಿದಾಗ ಬೆರಳಗಲದ ಒಂದು ಅಚ್ಚು. ಅದೇ ಬ್ಲಾಕು. ಮೈಕ್ರೊಟೋಮ್ ಎಂಬ ಯಂತ್ರದ ಅಲಗು ಆ ಬ್ಲಾಕಿನಿಂದ ಮೂರರಿಂದ ಐದು ಮೈಕ್ರಾನ್ ದಪ್ಪದ ಪದರಗಳನ್ನು ಹೆರೆಯುತ್ತದೆ. ತಲೆಗೂದಲೊಂದನ್ನು ಉದ್ದಕ್ಕೆ ಹದಿನೈದು ಇಪ್ಪತ್ತು ಎಳೆಯಾಗಿ ಸೀಳಿದರೆ ಬರುವಷ್ಟು ತೆಳುವು. ಬಿಸಿನೀರಿನ ಮೇಲೆ ತೇಲಿಬಿಟ್ಟ ಆ ಪದರವನ್ನು ಸುಕ್ಕಾಗದಂತೆ ಗಾಜಿನ ಮೇಲೆ ಎತ್ತಿಕೊಳ್ಳುವುದು ಟೆಕ್ನಿಷಿಯನ್ನಿನ ಕೈಚಳಕ. ವರದಿಯ ಕೆಳಗೆ ಅವರ ಸಹಿ ಇರುವುದಿಲ್ಲ. ಆದರೆ ಅವರ ಕೈ ನಡುಗಿದರೆ ವರದಿಯೇ ಇಲ್ಲ. ಆಮೇಲೆ ಬಣ್ಣ: ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವ ಹೆಮಟಾಕ್ಸಿಲಿನ್ ಜೀವಕೋಶದ ನ್ಯೂಕ್ಲಿಯಸ್ಸನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. 1870ರ ದಶಕದಲ್ಲಿ ಜೊತೆಗೂಡಿದ ಈ ಎರಡು ಬಣ್ಣಗಳನ್ನು ಪುಣೆಯ ಪ್ರತಿ ಲ್ಯಾಬಿನಲ್ಲೂ ಇವತ್ತಿಗೂ ಬಳಸುತ್ತಾರೆ.

ನೀಲಿ ಗುಲಾಬಿಯ ಆ ಚಿತ್ರದಲ್ಲಿ ಏನು ಹುಡುಕಬೇಕು?

ಗಡ್ಡೆಯೂ ಜೀವಕೋಶಗಳಿಂದಲೇ ಆದದ್ದು ಎಂದು ಬರ್ಲಿನ್ನಿನ ಯೊಹಾನೆಸ್ ಮುಲ್ಲರ್ 1838ರಲ್ಲಿ ತೋರಿಸಿದ. ಅವನ ಶಿಷ್ಯ ರುಡಾಲ್ಫ್ ವಿರ್ಕೊ 1858ರಲ್ಲಿ ರೋಗದ ನೆಲೆಯೇ ಜೀವಕೋಶ ಎಂದ. 1890ರಲ್ಲಿ ವಿರ್ಕೊನ ಸಹಾಯಕ ಡೇವಿಡ್ ಫಾನ್ ಹಾನ್ಸೆಮಾನ್ ಕ್ಯಾನ್ಸರಿನ ಕೋಶಗಳು ಒಡೆಯುವಾಗ ಸಮಪಾಲಾಗದೆ ಅಡ್ಡಾದಿಡ್ಡಿಯಾಗುವುದನ್ನೂ, ತಮ್ಮ ಮೂಲ ಸ್ವರೂಪ ಕಳೆದುಕೊಳ್ಳುವುದನ್ನೂ ಗಮನಿಸಿದ. ತವರನ್ನು ಮರೆತಷ್ಟೂ ಕೋಶ ಕೆಡುಕಿನದು ಎಂಬ ಈ ಎಣಿಕೆಯೇ ಇವತ್ತಿನ ದರ್ಜೆ ಪದ್ಧತಿಗಳ ಬುನಾದಿ.

ಎಣಿಕೆ ಸರಿಯೇ ಎಂದು ರೋಗಿಗಳ ಬದುಕಿನ ಎದುರು ಇಟ್ಟು ನೋಡಿದವರು ಅಮೆರಿಕದ ಮೇಯೊ ಕ್ಲಿನಿಕ್ಕಿನ ಆಲ್ಬರ್ಟ್ ಬ್ರಾಡರ್ಸ್. 1920ರಲ್ಲಿ ಅವರು ತುಟಿ ಕ್ಯಾನ್ಸರಿನ 537 ರೋಗಿಗಳ ಸ್ಲೈಡುಗಳನ್ನು ಹೊರತೆಗೆದು, ಸಹಜ ಕೋಶವನ್ನು ಹೋಲುವ ಭಾಗ ಎಷ್ಟು ಉಳಿದಿದೆ ಎಂದು ಅಂದಾಜಿಸಿ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಟ್ಟರು. ಬಳಿಕ ಯಾರು ಬದುಕಿದ್ದಾರೆ, ಯಾರು ತೀರಿಕೊಂಡರು ಎಂದು ನೋಡಿದರು. ದರ್ಜೆ ಏರಿದ ಹಾಗೆ ಸಾವೂ ಏರಿತ್ತು. ಸ್ತನ ಕ್ಯಾನ್ಸರಿಗೆ ಇದೇ ಕೆಲಸ ಲಂಡನ್ನಿನಲ್ಲಿ ನಡೆಯಿತು. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ 1,409 ರೋಗಿಗಳ ಅಧ್ಯಯನ ಮುಂದಿಟ್ಟರು. ಅವರಲ್ಲಿ 359 ಮಂದಿಯನ್ನು 15 ವರ್ಷ ಬೆನ್ನು ಹತ್ತಿದ್ದರು. ಒಬ್ಬ ಸಂಶೋಧಕನ ವೃತ್ತಿಜೀವನದ ಅರ್ಧ ಕಾಲ ಅದು.

ಅವರ ಪದ್ಧತಿಯನ್ನು ನಾಟಿಂಗ್‌ಹ್ಯಾಮಿನ ಎಲ್‌ಸ್ಟನ್ ಮತ್ತು ಎಲಿಸ್ 1991ರಲ್ಲಿ ತಿದ್ದಿ ಬಿಗಿಗೊಳಿಸಿದರು. ಪುಣೆಯಿಂದ ಕಲಬುರಗಿಯವರೆಗೆ ಎಲ್ಲೆಡೆ ಸ್ತನದ ಗಡ್ಡೆಗೆ ಈಗ ಅದೇ ಲೆಕ್ಕ. ಮೂರು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಮೂರು ಅಂಕ. ಹಾಲಿನ ಗ್ರಂಥಿಯ ಕೊಳವೆಯಾಕಾರವನ್ನು ಗಡ್ಡೆ ಎಷ್ಟು ಉಳಿಸಿಕೊಂಡಿದೆ? ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿದಿದ್ದರೆ ಒಂದು, ಹತ್ತನೆಯ ಒಂದು ಪಾಲೂ ಇಲ್ಲದಿದ್ದರೆ ಮೂರು. ನ್ಯೂಕ್ಲಿಯಸ್ಸುಗಳು ಒಂದೇ ಅಳತೆಯಲ್ಲಿವೆಯೋ, ಮನಬಂದಂತೆ ಊದಿವೆಯೋ? ಹತ್ತು ನೋಟಗಳಲ್ಲಿ ಒಡೆಯುತ್ತಿರುವ ಕೋಶಗಳು ಎಷ್ಟು? ಕೂಡಿದರೆ ಐದರವರೆಗೆ ಮೊದಲ ದರ್ಜೆ, ಆರು ಏಳಕ್ಕೆ ಎರಡನೆಯದು, ಎಂಟು ಒಂಬತ್ತಕ್ಕೆ ಮೂರನೆಯದು. ಸೂಕ್ಷ್ಮದರ್ಶಕದಿಂದ ಸೂಕ್ಷ್ಮದರ್ಶಕಕ್ಕೆ ನೋಟದ ಅಗಲ ಬೇರೆಯಾಗುವುದರಿಂದ ಒಡೆಯುವ ಕೋಶಗಳ ಎಣಿಕೆಯನ್ನು ಆ ಅಗಲಕ್ಕೆ ಹೊಂದಿಸಿಕೊಳ್ಳಬೇಕು. ಈ ಸಣ್ಣ ಎಚ್ಚರ ತಪ್ಪಿದರೆ ಒಂದೇ ಗಡ್ಡೆಗೆ ಎರಡು ಊರಿನಲ್ಲಿ ಎರಡು ದರ್ಜೆ ಬರುತ್ತದೆ. ಪ್ರಾಸ್ಟೇಟ್ ಗ್ರಂಥಿಗೆ ಬೇರೆ ಪದ್ಧತಿ. 1966ರಲ್ಲಿ ಡೊನಾಲ್ಡ್ ಗ್ಲೀಸನ್ ಕೋಶಗಳ ವಿವರಕ್ಕೆ ಹೋಗದೆ ಗ್ರಂಥಿಗಳ ಜೋಡಣೆಯನ್ನಷ್ಟೇ ನೋಡಿ, ಹೆಚ್ಚಾಗಿ ಕಂಡ ಎರಡು ನಮೂನೆಗಳ ಅಂಕಗಳನ್ನು ಕೂಡಿಸಿದ.

ರೋಗಿಯ ಮನೆಯವರು ಡಾಕ್ಟರನ್ನು ಕೇಳುವ ಮೊದಲ ಪ್ರಶ್ನೆ “ಎಷ್ಟನೇ ಸ್ಟೇಜು?” ಎಂಬುದು. ಸ್ಟೇಜ್ ಅಂದರೆ ಗಡ್ಡೆ ಎಲ್ಲಿಯವರೆಗೆ ಹೋಗಿದೆ ಎಂಬ ಲೆಕ್ಕ. ಗ್ರೇಡ್ ಅಂದರೆ ಗಡ್ಡೆಯ ಸ್ವಭಾವ ಎಂಥದ್ದು ಎಂಬ ಅಂದಾಜು. ಚಿಕ್ಕದಾಗಿದ್ದೂ ಮೂರನೆಯ ದರ್ಜೆಯದಾಗಿರಬಹುದು, ದೊಡ್ಡದಾಗಿದ್ದೂ ಮೊದಲನೆಯದಾಗಿರಬಹುದು. ಗ್ರೇಡ್ ಎಷ್ಟು ಎಂದು ಕೇಳುವವರು ತೀರ ಕಡಿಮೆ. ಚಿಕಿತ್ಸೆ ತೀರ್ಮಾನವಾಗುವಾಗ ಮಾತ್ರ ಎರಡೂ ತೂಕಕ್ಕೆ ಬರುತ್ತವೆ.

ಈ ಚರಿತ್ರೆಯಲ್ಲಿ ಪುಣೆಯಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಣ್ಣುಮಗಳಿದ್ದಾರೆ. ಕಮಲ್ ಸಮರ್ಥ್, ಮದುವೆಯ ನಂತರ ಕಮಲ್ ರಣದಿವೆ. 1917ರ ನವೆಂಬರ್ 8ರಂದು ಹುಟ್ಟಿದರು. ತಂದೆ ದಿನೇಶ್ ದತ್ತಾತ್ರೇಯ ಸಮರ್ಥ್ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದರು. ವರಕವಿ ಬೇಂದ್ರೆ 1918ರಲ್ಲಿ ಬಿ.ಎ. ಪಡೆದ ಕಾಲೇಜು ಅದೇ ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಕಮಲ್ ಓದಿದ್ದು 1884ರಲ್ಲಿ ಶುರುವಾದ ಹುಜೂರ್‌ಪಾಗಾ ಹೆಣ್ಣುಮಕ್ಕಳ ಶಾಲೆಯಲ್ಲಿ, ಆಮೇಲೆ ಫರ್ಗ್ಯುಸನ್ನಿನಲ್ಲಿ. ಪುಣೆಯ ಕೃಷಿ ಕಾಲೇಜಿನಲ್ಲಿ ಸೀತಾಫಲದ ಕುಲದ ಗಿಡಗಳ ವರ್ಣತಂತುಗಳನ್ನು ಅಧ್ಯಯನ ಮಾಡಿ ಎಂ.ಎಸ್‌ಸಿ. ಮಾಡಿದರು. ಮಗಳು ಡಾಕ್ಟರಾಗಲಿ ಎಂಬುದು ತಂದೆಯ ಆಸೆ. ಆಕೆ ಡಾಕ್ಟರಾಗಲಿಲ್ಲ, ಡಾಕ್ಟರುಗಳ ಕೈಗೆ ಹೊಸ ವಿದ್ಯೆ ಕೊಟ್ಟರು.

ಗಣಿತಜ್ಞ ಜೆ.ಟಿ. ರಣದಿವೆಯವರನ್ನು 1939ರಲ್ಲಿ ಮದುವೆಯಾಗಿ ಮುಂಬಯಿಗೆ ಹೋದ ಕಮಲ್, ಟಾಟಾ ಮೆಮೋರಿಯಲ್‌ನಲ್ಲಿ ಖಾನೋಲ್ಕರರ ಕೈಕೆಳಗೆ ಕೆಲಸ ಮಾಡಿ 1949ರಲ್ಲಿ ಪಿಎಚ್‌.ಡಿ. ಪಡೆದರು. ಆ ಬಳಿಕ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಪ್ರಯೋಗಾಲಯಕ್ಕೆ ಹೋಗಿ ಅಂಗಾಂಶ ಕೃಷಿ ಕಲಿತರು. ದೇಹದಿಂದ ತೆಗೆದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಸಾಕಿ ಬೆಳೆಸುವ ವಿದ್ಯೆ ಅದು. ಸ್ಲೈಡಿನ ಮೇಲಿನ ಕೋಶ ಫಾರ್ಮಾಲಿನ್‌ನಲ್ಲಿ ಸತ್ತ ಕೋಶ. ಒಂದು ಕ್ಷಣದ ಚಿತ್ರ ಮಾತ್ರ ಅದರಲ್ಲಿ ಉಳಿದಿರುತ್ತದೆ. ಪಾತ್ರೆಯಲ್ಲಿ ಕೋಶ ಬದುಕಿರುತ್ತದೆ, ಅದನ್ನು ಕೆಣಕಿ ನೋಡಬಹುದು. ಮರಳಿ ಬಂದ ಕಮಲ್ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು. ಇಲಿಗಳ ಸ್ತನದಲ್ಲಿ ಗಡ್ಡೆ ಹುಟ್ಟುವುದರಲ್ಲಿ ಹಾರ್ಮೋನಿನ ಪಾಲೆಷ್ಟು, ವೈರಸ್ಸಿನ ಪಾಲೆಷ್ಟು, ವಂಶದ ಪಾಲೆಷ್ಟು ಎಂಬುದು ಅವರ ಜೀವಮಾನದ ಪ್ರಶ್ನೆಯಾಯಿತು. 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಕಟ್ಟುವುದರಲ್ಲಿ ಮುಂದೆ ನಿಂತರು. 1982ರಲ್ಲಿ ಪದ್ಮಭೂಷಣ ಬಂತು. 2001ರಲ್ಲಿ ತೀರಿಕೊಂಡರು.

ಅವರ ಗುರು ಗೇ ಅವರ ಹೆಸರು ಜಗತ್ತಿಗೆ ಗೊತ್ತಿರುವುದು ಹೀಲಾ ಕೋಶಗಳಿಂದ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಹೆಂಗಸಿನ ಗರ್ಭಕೋಶದ ಕೊರಳಿನ ಗಡ್ಡೆಯಿಂದ, ಆಕೆಗೆ ತಿಳಿಸದೆಯೇ ತೆಗೆದ ಕೋಶಗಳು ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಈ ಕಥೆಯ ಒಂದು ಭಾಗ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅಂದು ಸ್ಲೈಡು ನೋಡಿದವರು ಗಡ್ಡೆಯನ್ನು ಚಪ್ಪಟೆ ಕೋಶಗಳ ಕ್ಯಾನ್ಸರ್ ಎಂದು ಬರೆದರು. 1971ರಲ್ಲಿ ಹಳೆಯ ಸ್ಲೈಡುಗಳನ್ನು ಮತ್ತೆ ನೋಡಿದಾಗ ಅದು ಗ್ರಂಥಿಯಿಂದ ಹುಟ್ಟಿದ ಬೇರೆ ಜಾತಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಇಪ್ಪತ್ತು ವರ್ಷದ ತಪ್ಪನ್ನು ತಿದ್ದಲು ಸಾಧ್ಯವಾದದ್ದು ಯಾರೋ ಆ ಗಾಜುಗಳನ್ನು ಎಸೆಯದೆ ಇಟ್ಟಿದ್ದರಿಂದ.

ಕಮಲ್ ಪಿಎಚ್‌.ಡಿ. ಮುಗಿಸುವ ಹೊತ್ತಿಗೆ ಅವರ ಹುಟ್ಟೂರಿನಲ್ಲಿ ಪೆಥಾಲಜಿಗೆ ದೊಡ್ಡ ನೆಲೆ ಸಿಕ್ಕಿತ್ತು. 1948ರ ಮೇ 1ರಂದು ಸೇನೆಯ ಹಲವು ವೈದ್ಯ ಘಟಕಗಳನ್ನು ಒಟ್ಟುಗೂಡಿಸಿ ಪುಣೆಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಹಾಗೆ ಬೆರೆತ ಘಟಕಗಳಲ್ಲಿ ಕೇಂದ್ರೀಯ ಸೇನಾ ಪೆಥಾಲಜಿ ಪ್ರಯೋಗಾಲಯವೂ ಒಂದು. ಸೈನ್ಯದ ಡಾಕ್ಟರುಗಳು ಇಲ್ಲಿ ಪೆಥಾಲಜಿ ಕಲಿತು ದೇಶದ ಮೂಲೆಮೂಲೆಯ ಸೇನಾ ಆಸ್ಪತ್ರೆಗಳಿಗೆ ಹೋದರು. 1963ರಲ್ಲಿ ಮುಂಬಯಿಯಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿ ದೇಶದ ಮೊದಲ ಕ್ಯಾನ್ಸರ್ ನೋಂದಣಿ ಕಚೇರಿ ತೆರೆದಿತ್ತು. 1970ರ ದಶಕದ ಆರಂಭದಲ್ಲಿ ಅದರ ಶಾಖೆ ಪುಣೆಗೂ ಬಂತು. ಊರಿನ ಎಲ್ಲ ಆಸ್ಪತ್ರೆ, ಲ್ಯಾಬುಗಳಿಂದ ಗಡ್ಡೆಯ ವಿವರ ಕಲೆಹಾಕುವ ಬೇಸರದ ಕೆಲಸ. ಅದಿಲ್ಲದಿದ್ದರೆ ಒಂದು ಊರಿನಲ್ಲಿ ಯಾವ ಕ್ಯಾನ್ಸರ್ ಏರುತ್ತಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. 1987ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಇಂಥದೇ ಕಚೇರಿ ಶುರುವಾದಾಗ ಅದು ದೇಶದ ಮೊದಲ ಗ್ರಾಮೀಣ ನೋಂದಣಿ. ಹಳ್ಳಿಯವರು ಆಸ್ಪತ್ರೆಗೇ ಬರುವುದಿಲ್ಲವಲ್ಲ ಎಂದು ಅಲ್ಲಿನವರು ತಾವೇ ಹಳ್ಳಿಗಳಿಗೆ ಹೋಗಿ ರೋಗದ ಕುರುಹುಗಳನ್ನು ತಿಳಿಸಿ ಹೇಳಿದರು. ಕೆಲವೇ ವರ್ಷಗಳಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮೊದಲಿಗಿಂತ ಬೇಗ ಪತ್ತೆಯಾಗತೊಡಗಿತು.

ಮತ್ತೆ ಮಿಶ್ರಿಯ ಸಮೀಕ್ಷೆಗೆ ಬರೋಣ. ಅದನ್ನು ನಡೆಸಿದ ಮೆಹತಾ ಮತ್ತು ಪಿಂಡ್‌ಬೋರ್ಗ್ ಅವರ ತಂಡಕ್ಕೆ ಬಾಯಿ ನೋಡುವ ಕೆಲಸ ಪುಣೆ ಜಿಲ್ಲೆಯಲ್ಲಿ ಮೊದಲಾಗಿರಲಿಲ್ಲ. 1961ರಲ್ಲೇ ಮೆಹತಾ ಮುಂಬಯಿಯ 4,734 ಪೊಲೀಸರ ಬಾಯಿ ಪರೀಕ್ಷಿಸಿದ್ದರು, ಹತ್ತು ವರ್ಷದ ಮೇಲೆ ಅದೇ ಪೊಲೀಸರನ್ನು ಮತ್ತೆ ಹುಡುಕಿ ನೋಡಿದರು. 1969ರಲ್ಲಿ ಕೇರಳ, ಆಂಧ್ರ, ಗುಜರಾತ್, ಬಿಹಾರಗಳ ಐದು ಜಿಲ್ಲೆಗಳ 50,915 ಹಳ್ಳಿಗರ ಸಮೀಕ್ಷೆ ಪ್ರಕಟಿಸಿದರು. ಅದರಲ್ಲಿ ಬಾಯಿಯ ತುಣುಕುಗಳ ಸೂಕ್ಷ್ಮದರ್ಶಕ ಪರೀಕ್ಷೆಯೂ ಸೇರಿತ್ತು. ಎರ್ನಾಕುಲಂ, ಶ್ರೀಕಾಕುಲಂ ಮತ್ತು ಭಾವನಗರ ಜಿಲ್ಲೆಗಳ ಸುಮಾರು 30,000 ಜನರನ್ನು ಹತ್ತು ವರ್ಷ ಬಿಡದೆ ಹಿಂಬಾಲಿಸಿದ ವರದಿ 1980ರಲ್ಲಿ ಬಂತು. ಬಾಯಿಯ ಕ್ಯಾನ್ಸರ್ ಬಹುಮಟ್ಟಿಗೆ ಮೊದಲೇ ಇದ್ದ ಮಚ್ಚೆಯಿಂದಲೇ ಹುಟ್ಟುತ್ತದೆ, ಎಲ್ಲ ಮಚ್ಚೆಗಳೂ ಸಮನಲ್ಲ, ಹರಳುಹರಳಾಗಿ ಎದ್ದದ್ದು ಎಲ್ಲಕ್ಕಿಂತ ಅಪಾಯದ್ದು ಎಂದು ಅದು ತಿಳಿಸಿತು. ಈ ಮಾತನ್ನು ಯಾವ ಸೂಕ್ಷ್ಮದರ್ಶಕವೂ ತಾನಾಗಿ ಹೇಳಿರಲಿಲ್ಲ. ಒಂದೇ ಮನೆಯ ಬಾಗಿಲನ್ನು ವರ್ಷ ವರ್ಷವೂ ತಟ್ಟಿದವರು ತಿಳಿದು ಹೇಳಿದರು.

ಪಿಂಡ್‌ಬೋರ್ಗ್ ತಮ್ಮ ವಿದ್ಯೆಯ ಮಿತಿಯನ್ನೂ ಅಳೆದು ನೋಡಿದವರು. ಕ್ಯಾನ್ಸರಿಗೆ ಮುಂಚಿನ ಕೋಶಗಳ ಕೆಡುಕಿಗೆ ಸೌಮ್ಯ, ಮಧ್ಯಮ, ತೀವ್ರ ಎಂದು ದರ್ಜೆ ಕೊಡುವ ರೂಢಿ ಇದೆ. 1985ರಲ್ಲಿ ಅವರು ಮತ್ತು ಸಂಗಡಿಗರು ಒಂದೇ ಚಿತ್ರಗಳನ್ನು ಹಲವು ಪೆಥಾಲಜಿಸ್ಟರಿಗೆ ತೋರಿಸಿ ಅಭಿಪ್ರಾಯ ಕೇಳಿದರು. ಉತ್ತರಗಳು ದಿಕ್ಕಿಗೊಂದಾದವು. ಒಬ್ಬರು ಸೌಮ್ಯ ಎಂದದ್ದನ್ನು ಇನ್ನೊಬ್ಬರು ಅದಕ್ಕಿಂತ ಬಹಳ ಮೇಲಿಟ್ಟರು. ತನ್ನ ಕ್ಷೇತ್ರದ ದೊಡ್ಡ ಅಧಿಕಾರಿ ಎನಿಸಿಕೊಂಡವರೊಬ್ಬರು ಇದನ್ನು ಮುಚ್ಚಿಡದೆ ಅಚ್ಚು ಮಾಡಿದ್ದು ಗೌರವಕ್ಕೆ ತಕ್ಕ ನಡತೆ. ಕಷ್ಟದ ಸ್ಲೈಡನ್ನು ಇಬ್ಬರು ನೋಡಬೇಕು ಎಂಬ ಪದ್ಧತಿಗೆ ಇಂಥ ಅಧ್ಯಯನಗಳೇ ಬಲ ಕೊಟ್ಟವು.

ಬಾಯಿಯ ಕ್ಯಾನ್ಸರಿನ ಮಟ್ಟಿಗೆ ಬ್ರಾಡರ್ಸ್ ದರ್ಜೆ ಸಾಲದು ಎಂಬುದೂ ಈಗ ಒಪ್ಪಿತ ಮಾತು. ಗಡ್ಡೆಯ ನಡುಭಾಗ ನೋಡಲು ಸಾಧುವಾಗಿದ್ದು, ಒಳಗೆ ನುಗ್ಗುವ ಅಂಚಿನಲ್ಲಿ ಮಾತ್ರ ಕೋಶಗಳು ಒಂಟಿಯಾಗಿ ಚದುರಿರಬಹುದು. ಹಾಗಾಗಿ 1980ರ ದಶಕದಿಂದ ಆ ಅಂಚನ್ನೇ ನೋಡಿ ದರ್ಜೆ ಕೊಡುವ ಪದ್ಧತಿಗಳು ಬಂದವು. 2018ರಿಂದ ಬಳಕೆಗೆ ಬಂದ, ಸ್ಟೇಜು ನಿರ್ಧರಿಸುವ ಕೈಪಿಡಿಯ ಎಂಟನೆಯ ಆವೃತ್ತಿಯಲ್ಲಿ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೂ ಲೆಕ್ಕಕ್ಕೆ ಸೇರಿತು. 5 ಮತ್ತು 10 ಮಿಲಿಮೀಟರ್ ಅದರ ಗಡಿಗೆರೆಗಳು. ಆ ಆಳವನ್ನು ಅಳೆಯುವುದೂ ಪೆಥಾಲಜಿಸ್ಟರೇ, ಅದೇ ಗಾಜಿನ ಮೇಲೆ.

ಪುಣೆಯಲ್ಲಿ ಈಗ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇದೆ. ದೇಶದ ಪ್ರಯೋಗಾಲಯಗಳಿಗೆ ಹೀಲಾದಂಥ ಕೋಶಗಳನ್ನು ಒದಗಿಸುವ ಉಗ್ರಾಣ ಅಲ್ಲಿದೆ. ಪ್ರಶಾಂತಿ ಕ್ಯಾನ್ಸರ್ ಕೇರ್ ಮಿಷನ್ ಮತ್ತು ವಿಜ್ಞಾನ ಸಂಸ್ಥೆ ಐಸರ್ ಪುಣೆ ಜೊತೆಯಾಗಿ ಸ್ತನ ಕ್ಯಾನ್ಸರಿನ ಅಂಗಾಂಶಗಳನ್ನು ರೋಗಿಗಳ ಒಪ್ಪಿಗೆಯೊಂದಿಗೆ ಕೂಡಿಟ್ಟು ಅಭ್ಯಾಸ ಮಾಡುತ್ತಿವೆ. ಸ್ಲೈಡನ್ನು ಪೂರ್ತಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ದರ್ಜೆ ಹೇಳಿಸುವ ಪ್ರಯತ್ನ ಜಗತ್ತಿನ ಹಲವೆಡೆ ಸಾಗಿದೆ. ಕಂಪ್ಯೂಟರಿಗೂ ಕಲಿಯಲು ಬೇಕಾದದ್ದು ಬ್ರಾಡರ್ಸ್‌ಗೆ ಬೇಕಾದದ್ದೇ: ಹಳೆಯ ಗಾಜು, ಅದರ ಪಕ್ಕದಲ್ಲಿ ಆ ರೋಗಿಗೆ ಮುಂದೆ ಏನಾಯಿತು ಎಂಬ ನಂಬಬಹುದಾದ ಬರಹ. ನಮ್ಮಲ್ಲಿ ಕೊರತೆ ಇರುವುದು ಈ ಎರಡನೆಯದಕ್ಕೆ. ರೋಗಿ ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಹೋದರೆ ಮತ್ತೆ ಬರುವುದಿಲ್ಲ. ಬಂದರೆ ಬೇರೆ ಆಸ್ಪತ್ರೆಗೆ ಬರುತ್ತಾನೆ, ಹಳೆಯ ಕಾಗದ ತರುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಯಾರಿಗಾದರೂ ಗಂಟು ತೆಗೆಸಿದರೆ, ಅದು ಎಷ್ಟೇ ಚಿಕ್ಕದಿರಲಿ, ಪರೀಕ್ಷೆಗೆ ಕಳಿಸಿ ಎಂದು ಡಾಕ್ಟರನ್ನು ಕೇಳಿ. ವರದಿ ಬಂದಾಗ ಸ್ಟೇಜಿನ ಜೊತೆ ಗ್ರೇಡನ್ನೂ ಕೇಳಿ ತಿಳಿದುಕೊಳ್ಳಿ. ವರದಿಯ ಮೇಲಿನ ಬ್ಲಾಕಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಚಿಕಿತ್ಸೆಗೆ ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ಹೋಗುವಾಗ ಸ್ಲೈಡು ಮತ್ತು ಬ್ಲಾಕನ್ನು ಲ್ಯಾಬಿನಿಂದ ಕೇಳಿ ಪಡೆದು ಜೊತೆಗೊಯ್ಯಿರಿ, ಅಲ್ಲಿ ಇನ್ನೊಬ್ಬರು ನೋಡಲಿ. ಗುಣವಾದ ಮೇಲೂ ಡಾಕ್ಟರು ಬರಹೇಳಿದ ದಿನ ತಪ್ಪಿಸದೆ ಹೋಗಿ ಬನ್ನಿ.